ಕರಿ ಕಲ್ಲು, ಬಿಳಿ ಕಲ್ಲು: ಊರೂರಿನ ಚಂದಾದಿಂದ ಎದ್ದು ನಿಂತ ಒಂದು ಚರ್ಚು



ಜರ್ಮನಿಯ ಡ್ರೆಸ್ಡೆನ್ ಊರಿನ ನಡುಮಧ್ಯೆ ನೊಯ್‌ಮಾರ್ಕ್ಟ್ ಎಂಬ ಚೌಕವಿದೆ. ಆ ಚೌಕದಲ್ಲಿ ಫ್ರೌಎನ್‌ಕಿರ್ಶೆ ಎಂಬ ದೊಡ್ಡ ಚರ್ಚು ನಿಂತಿದೆ. ದೂರದಿಂದ ನೋಡಿದರೆ ಅದರ ಗುಮ್ಮಟ ಬೋರಲು ಹಾಕಿದ ದೊಡ್ಡ ಗಂಟೆಯ ಹಾಗೆ ಕಾಣುತ್ತದೆ. ಹತ್ತಿರ ಹೋಗಿ ಗೋಡೆ ನೋಡಿದರೆ ಮಾತ್ರ ಏನೋ ವಿಚಿತ್ರ. ಹೆಚ್ಚಿನ ಕಲ್ಲುಗಳು ಕೆನೆ ಬಣ್ಣದವು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಮಸಿ ಬಳಿದಂತಹ ಕಪ್ಪು ಕಲ್ಲು. ಒಂದೆರಡು ಕಡೆಯಂತೂ ಗೋಡೆಗೆ ಗೋಡೆಯೇ ಕಪ್ಪು. ಬಣ್ಣ ಬಳಿಯುವವರು ಕೆಲಸ ಅರ್ಧಕ್ಕೆ ಬಿಟ್ಟು ಊಟಕ್ಕೆ ಹೋಗಿದ್ದಾರೇನೋ ಅನ್ನಿಸಬೇಕು, ಹಾಗಿದೆ.

ಕಪ್ಪು ಕಲ್ಲುಗಳಿಗೆ ಸುಮಾರು 300 ವರ್ಷ ವಯಸ್ಸು. ಬಿಳಿ ಕಲ್ಲುಗಳು ನಿಮ್ಮ ಅಪ್ಪ ಅಮ್ಮ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಗಣಿಯಿಂದ ಬಂದವು. ಎರಡೂ ಒಂದೇ ಜಾತಿಯ ಮರಳುಗಲ್ಲು, ಎಲ್ಬೆ ನದಿಯ ದಂಡೆಯ ಗುಡ್ಡಗಳದ್ದು. ಈ ಕಲ್ಲು ಗಾಳಿ ಮಳೆಗೆ ಮೈಯೊಡ್ಡಿ ವರ್ಷಗಳು ಕಳೆದಂತೆ ತಾನಾಗಿ ಕಪ್ಪಾಗುತ್ತದೆ. ಹಾಗಾದರೆ ಹಳೆಯ ಕಲ್ಲಿನ ನಡುವೆ ಇಷ್ಟೊಂದು ಹೊಸ ಕಲ್ಲು ಬಂದದ್ದು ಯಾಕೆ? ಅದಕ್ಕೆ ದುಡ್ಡು ಕೊಟ್ಟವರು ಯಾರು? ಈ ತಿಂಗಳು ಆ ಕಥೆ ಕೇಳಿ.

ಫ್ರೌಎನ್‌ಕಿರ್ಶೆ ಎಂದರೆ ನಮ್ಮ ಮಾತಿನಲ್ಲಿ 'ಅಮ್ಮನವರ ಗುಡಿ' ಎನ್ನಬಹುದು. ಮೇರಿ ಮಾತೆಯ ಹೆಸರಿನ ಚರ್ಚು. ಮ್ಯೂನಿಕ್‌ನಲ್ಲೂ ನ್ಯೂರೆಂಬರ್ಗ್‌ನಲ್ಲೂ ಇದೇ ಹೆಸರಿನ ಚರ್ಚುಗಳಿವೆ. ನಾವು ಮಾತಾಡುತ್ತಿರುವುದು ಡ್ರೆಸ್ಡೆನ್‌ದು, ಗೊಂದಲ ಮಾಡಿಕೊಳ್ಳಬೇಡಿ.

ಮೊದಲ ಸಲ ಕಟ್ಟಿದ್ದು

18ನೇ ಶತಮಾನದ ಆರಂಭದಲ್ಲಿ ಡ್ರೆಸ್ಡೆನ್ ಸ್ಯಾಕ್ಸನಿ ಸಂಸ್ಥಾನದ ರಾಜಧಾನಿ. ನಮ್ಮ ಮೈಸೂರನ್ನು ನೆನಪಿಸಿಕೊಳ್ಳಿ: ಅರಮನೆ, ಸಂಗೀತ, ಚಿತ್ರ, ಕುಶಲಕರ್ಮಿಗಳು, ಎಲ್ಲ ಇದ್ದ ಊರು. ಅಲ್ಲಿನ ಜನ ಮಾರ್ಟಿನ್ ಲೂಥರ್ ತೋರಿಸಿದ ದಾರಿಯ ಪ್ರಾಟೆಸ್ಟೆಂಟರು. ಅವರ ದೊರೆ ಆಗಸ್ಟ್, 'ಬಲಶಾಲಿ ಆಗಸ್ಟ್' ಎಂದೇ ಹೆಸರುವಾಸಿ. ಅವನಿಗೆ ಪೋಲೆಂಡ್ ದೇಶದ ರಾಜನೂ ಆಗಬೇಕೆಂಬ ಆಸೆ. ಅದಕ್ಕಾಗಿ 1697ರಲ್ಲಿ ಕ್ಯಾಥೊಲಿಕ್ ಪಂಥಕ್ಕೆ ಸೇರಿದ. ಪ್ರಜೆಗಳು ಅವನ ಹಿಂದೆ ಹೋಗಲಿಲ್ಲ. ಅವನ ಹೆಂಡತಿಯೇ ಹೋಗಲಿಲ್ಲ! ದೊರೆಯೂ ಜಾಣ, ಯಾರನ್ನೂ ಬಲವಂತ ಮಾಡಲಿಲ್ಲ. ಇಂಥ ಹೊತ್ತಿನಲ್ಲಿ ಊರಿನವರು ತಮ್ಮ ಹಳೆಯ, ಶಿಥಿಲವಾದ ಚರ್ಚನ್ನು ಕೆಡವಿ ಅದರ ಜಾಗದಲ್ಲಿ ಭಾರಿ ಚರ್ಚೊಂದನ್ನು ಕಟ್ಟಲು ಹೊರಟರು. ಇದು ದೊರೆಯ ಚರ್ಚಲ್ಲ, ಊರಿನ ಚರ್ಚು.

ಕಟ್ಟುವ ಹೊಣೆ ಹೊತ್ತವರು ಗೇಯಾರ್ಗ್ ಬೇರ್, ವೃತ್ತಿಯಲ್ಲಿ ನಗರಸಭೆಯ ಮುಖ್ಯ ಬಡಗಿ. 1726ರಲ್ಲಿ ಅಡಿಗಲ್ಲು ಬಿತ್ತು. ಗುಮ್ಮಟಕ್ಕೆ ಮರದ ಚೌಕಟ್ಟು ಮಾಡಿ ಮೇಲೆ ತಾಮ್ರದ ತಗಡು ಹೊದಿಸುವುದೆಂದು ಮೊದಲಿಗೆ ಯೋಚನೆಯಿತ್ತು. ಬಡಗಿಯಾದ ಬೇರ್ ಅವರೇ ಮರ ಬೇಡ, ಗುಮ್ಮಟ ಪೂರ್ತಿ ಕಲ್ಲಿನದೇ ಇರಲಿ ಎಂದು ಹಟ ಹಿಡಿದರಂತೆ ಕೆಲಸ ಮಾಡಿದರು. ಹೀಗೆ ಸುಮಾರು 12,000 ಟನ್ ತೂಕದ ಗುಮ್ಮಟ ಎಂಟು ಕಂಬಗಳ ಮೇಲೆ ಕೂತಿತು. ಜನ ಅದನ್ನು 'ಕಲ್ಲಿನ ಗಂಟೆ' ಎಂದು ಕರೆದರು. ಬೇರ್ ಅದನ್ನು ಪೂರ್ತಿಯಾಗಿ ನೋಡಲಿಲ್ಲ. 1738ರಲ್ಲೇ ತೀರಿಕೊಂಡರು. ಚರ್ಚು ಮುಗಿದದ್ದು 1743ರಲ್ಲಿ.

ಅಷ್ಟರಲ್ಲೇ, ಗುಮ್ಮಟದ ಕೆಲಸ ಇನ್ನೂ ನಡೆಯುತ್ತಿದ್ದಾಗ, ಒಳಗೆ ಹೊಸ ಆರ್ಗನ್ ವಾದ್ಯ ಸಿದ್ಧವಾಗಿತ್ತು. 1736ರ ಡಿಸೆಂಬರ್ 1ರಂದು ಅದನ್ನು ನುಡಿಸಿದವರು ಯೋಹಾನ್ ಸೆಬಾಸ್ಟಿಯನ್ ಬಾಖ್. ಪಿಯಾನೊ ಕಲಿಯುವ ಮಕ್ಕಳಿಗೆ ಈ ಹೆಸರು ಚೆನ್ನಾಗಿ ಗೊತ್ತಿರುತ್ತದೆ!

ಖರ್ಚು ಸುಮಾರು 2,88,000 ಥಾಲರ್. ಥಾಲರ್ ಆಗಿನ ಬೆಳ್ಳಿ ನಾಣ್ಯ. ಇದರಲ್ಲಿ ದೊಡ್ಡ ಪಾಲು ಊರಿನ ಜನರ ದೇಣಿಗೆ. ಇಲ್ಲೊಂದು ಸ್ವಾರಸ್ಯ ಇದೆ. ಆ ಕಾಲದಲ್ಲೇ ಸಾಲ್ಜ್‌ಬರ್ಗ್‌ನಿಂದ ಪ್ರಾಟೆಸ್ಟೆಂಟ್ ಜನರನ್ನು ಹೊರಗಟ್ಟಿದ್ದರು. ಆ ನಿರಾಶ್ರಿತರಿಗೆಂದು ಎತ್ತಿದ ಚಂದಾ ಹಣದ ಒಂದು ಪಾಲನ್ನೂ ಈ ಚರ್ಚಿನ ಕೆಲಸಕ್ಕೆ ಬಳಸಿಕೊಂಡರು. ಒಂದಕ್ಕೆ ಎತ್ತಿದ ದುಡ್ಡನ್ನು ಇನ್ನೊಂದಕ್ಕೆ ತಿರುಗಿಸುವುದು ಸರಿಯೇ? ನಮ್ಮ ಕನ್ನಡ ಸಂಘದ ವಾರ್ಷಿಕ ಸಭೆಯಲ್ಲಿ ಇಂಥದ್ದೇನಾದರೂ ಆದರೆ ಸಭೆ ಮಧ್ಯರಾತ್ರಿಯಾದರೂ ಮುಗಿಯಲಿಕ್ಕಿಲ್ಲ.

ಗುಮ್ಮಟ ಎಷ್ಟು ಗಟ್ಟಿ ಎಂಬುದು 1760ರಲ್ಲಿ ಪರೀಕ್ಷೆಯಾಯಿತು. ಪ್ರಷ್ಯದ ಸೈನ್ಯ ಊರನ್ನು ಮುತ್ತಿಗೆ ಹಾಕಿ ಫಿರಂಗಿ ಹಾರಿಸಿತು. ಅಕ್ಕಪಕ್ಕದ ಕಟ್ಟಡಗಳು ಉರುಳಿದವು. ಗುಂಡುಗಳು ಕಲ್ಲಿನ ಗಂಟೆಗೆ ಬಡಿದವು, ಅದು ಜಗ್ಗಲಿಲ್ಲ.

ಎರಡು ರಾತ್ರಿ, ಒಂದು ಬೆಳಗ್ಗೆ

ಮುಂದಿನದು ದುಃಖದ ಭಾಗ. ಚಿಕ್ಕ ಮಕ್ಕಳಿದ್ದರೆ ಪೋಷಕರು ಜೊತೆಗೆ ಕೂತು ಓದಿ.

ಎರಡನೇ ಮಹಾಯುದ್ಧವನ್ನು ಶುರು ಮಾಡಿದ್ದು ಹಿಟ್ಲರನ ಜರ್ಮನಿ. ಅದರ ವಿಮಾನಗಳು ವಾರ್ಸಾ, ರಾಟರ್‌ಡ್ಯಾಮ್, ಇಂಗ್ಲೆಂಡಿನ ಕವೆಂಟ್ರಿ ಮುಂತಾದ ಊರುಗಳ ಮೇಲೆ ಬಾಂಬು ಸುರಿದಿದ್ದವು. ಕವೆಂಟ್ರಿಯ ಹಳೆಯ ಕೆಥೆಡ್ರಲ್ 1940ರ ನವೆಂಬರ್ 14ರ ರಾತ್ರಿ ಸುಟ್ಟುಹೋಯಿತು. ಡ್ರೆಸ್ಡೆನ್‌ನಲ್ಲೇ, ಯುದ್ಧಕ್ಕೂ ಮೊದಲು 1938ರ ನವೆಂಬರಿನಲ್ಲಿ, ಯಹೂದ್ಯರ ಪ್ರಾರ್ಥನಾ ಮಂದಿರಕ್ಕೆ ನಾಜಿಗಳು ಬೆಂಕಿ ಇಟ್ಟಿದ್ದರು. ಇದನ್ನೆಲ್ಲ ಮೊದಲು ಹೇಳದೆ ಮುಂದಿನದನ್ನು ಹೇಳಬಾರದು.

1945ರ ಫೆಬ್ರುವರಿ 13ರ ರಾತ್ರಿ ಬ್ರಿಟಿಷ್ ವಿಮಾನಗಳು ಡ್ರೆಸ್ಡೆನ್ ಮೇಲೆ ಬಂದವು. ಮರುದಿನ ಅಮೆರಿಕದವು ಬಂದವು. ಊರಿನ ನಡುಭಾಗ ಒಂದೇ ಒಲೆಯಾಯಿತು. ಸತ್ತವರು ಸುಮಾರು 25,000 ಎಂದು ಇತಿಹಾಸಕಾರರ ಸಮಿತಿಯೊಂದು ವರ್ಷಗಟ್ಟಲೆ ಲೆಕ್ಕ ಹಾಕಿ ಹೇಳಿದೆ. ಸುತ್ತ ಎಲ್ಲ ಉರಿಯುತ್ತಿದ್ದರೂ ಚರ್ಚು ನಿಂತೇ ಇತ್ತು. ಫಿರಂಗಿಗೆ ಜಗ್ಗದ ಗುಮ್ಮಟ ಇದಕ್ಕೂ ಜಗ್ಗಲಿಲ್ಲ ಎಂದು ಜನ ನಂಬಿರಬೇಕು. ಆದರೆ ಒಳಗೆ ಮರದ ಬೆಂಚುಗಳಿಗೆಲ್ಲ ಬೆಂಕಿ ಹತ್ತಿತ್ತು. ಆ ಕಾವಿಗೆ ಕಂಬಗಳ ಮರಳುಗಲ್ಲು ಬಿರುಕು ಬಿಟ್ಟಿತು. ಫೆಬ್ರುವರಿ 15ರ ಬೆಳಗ್ಗೆ ಸುಮಾರು ಹತ್ತು ಗಂಟೆಗೆ ಕಂಬಗಳು ಕೈಬಿಟ್ಟವು. 12,000 ಟನ್ ಕಲ್ಲು ಕೆಳಗೆ ಬಂತು.

ಉಳಿದದ್ದು ಎರಡು ಮೊಂಡು ಗೋಡೆಗಳು, ಅವುಗಳ ನಡುವೆ ಕಲ್ಲಿನ ಗುಡ್ಡೆ. ಈಗ ಚರ್ಚಿನಲ್ಲಿ ಗೋಡೆಗೆ ಗೋಡೆಯೇ ಕಪ್ಪಾಗಿ ಕಾಣುವುದು ಅವೇ.

ಗುಡ್ಡೆ ಕಾದ 45 ವರ್ಷ

ಯುದ್ಧ ಮುಗಿದ ಮೇಲೆ ಡ್ರೆಸ್ಡೆನ್ ಕಮ್ಯುನಿಸ್ಟ್ ಪೂರ್ವ ಜರ್ಮನಿಗೆ ಸೇರಿತು. ಮನೆಗಳೇ ಇಲ್ಲದ ಊರಿನಲ್ಲಿ ಚರ್ಚು ಕಟ್ಟಲು ಯಾರ ಹತ್ತಿರ ದುಡ್ಡಿದೆ? ಸರ್ಕಾರಕ್ಕೆ ಮನಸ್ಸೂ ಇರಲಿಲ್ಲ. ಗುಡ್ಡೆಯನ್ನು ಬಳಿದು ಜಾಗ ಸಪಾಟು ಮಾಡಿಬಿಡೋಣ ಎಂಬ ಮಾತು ಬಂದಾಗಲೆಲ್ಲ ತಡೆದವರು ಹಾನ್ಸ್ ನಾಡ್ಲರ್ ಎಂಬ ಸ್ಮಾರಕ ಸಂರಕ್ಷಣಾ ಅಧಿಕಾರಿ. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ 800ಕ್ಕೂ ಹೆಚ್ಚು ಕಲ್ಲುಗಳನ್ನು ಗುರುತು ಹಾಕಿ ಪಟ್ಟಿ ಮಾಡಿಸಿದ್ದರು. 1966ರಲ್ಲಿ ಸರ್ಕಾರವೇ ಆ ಗುಡ್ಡೆಯನ್ನು ಯುದ್ಧವಿರೋಧಿ ಸ್ಮಾರಕ ಎಂದು ಘೋಷಿಸಿತು. ಸರ್ಕಾರಕ್ಕೆ ಅದರಲ್ಲಿ ತನ್ನ ರಾಜಕೀಯ ಲಾಭವೂ ಇತ್ತು ಅನ್ನಿ, ಆದರೆ ಗುಡ್ಡೆ ಉಳಿಯಿತು.

1982ರ ಫೆಬ್ರುವರಿ 13ರಂದು, ಬಾಂಬು ಬಿದ್ದ ದಿನದ ನೆನಪಿಗೆ, ಊರಿನ ಹುಡುಗ ಹುಡುಗಿಯರು ಮೇಣದ ಬತ್ತಿ ಹಿಡಿದು ಆ ಕಲ್ಲುಗಳ ಹತ್ತಿರ ಬಂದು ನಿಂತರು. ಅನುಮತಿಯಿಲ್ಲದೆ ನಾಲ್ಕು ಜನ ಸೇರುವುದೂ ಅಪಾಯವಾಗಿದ್ದ ಕಾಲ ಅದು. ಆಮೇಲೆ ವರ್ಷ ವರ್ಷವೂ ಜನ ಹಾಗೆ ಸೇರತೊಡಗಿದರು.

1989ರ ನವೆಂಬರಿನಲ್ಲಿ ಬರ್ಲಿನ್ ಗೋಡೆ ಬಿತ್ತು. ಮೂರೇ ತಿಂಗಳಲ್ಲಿ, 1990ರ ಫೆಬ್ರುವರಿಯಲ್ಲಿ, ಡ್ರೆಸ್ಡೆನ್‌ನ ಒಂದು ಸಣ್ಣ ಗುಂಪು ಜಗತ್ತಿಗೆಲ್ಲ ಒಂದು ಮನವಿ ಬಿಡುಗಡೆ ಮಾಡಿತು. ಅದರ ಹೆಸರು 'ಡ್ರೆಸ್ಡೆನ್‌ನಿಂದ ಕರೆ'. ಚರ್ಚನ್ನು ಮತ್ತೆ ಕಟ್ಟೋಣ, ಅದು ಶಾಂತಿಯ ಮನೆಯಾಗಲಿ, ಎಲ್ಲ ದೇಶದವರೂ ಕೈಜೋಡಿಸಿ ಎಂಬುದು ಸಾರಾಂಶ. ಗುಂಪಿನ ಮುಂದಾಳು ಲುಡ್ವಿಗ್ ಗ್ಯೂಟ್ಲರ್, ಹೆಸರಾಂತ ಟ್ರಂಪೆಟ್ ವಾದಕ. ಗಮನಿಸಿ, ಆಗಿನ್ನೂ ಎರಡು ಜರ್ಮನಿಗಳು ಒಂದಾಗಿರಲಿಲ್ಲ. ನಾಳೆ ತಮ್ಮ ದೇಶವೇ ಇರುತ್ತದೋ ಇಲ್ಲವೋ ತಿಳಿಯದ ಜನ ಗುಮ್ಮಟದ ಮಾತಾಡುತ್ತಿದ್ದರು.

ಬೇಡ ಎಂದವರ ಮಾತೂ ಕೇಳಿ

ಎಲ್ಲರೂ ಚಪ್ಪಾಳೆ ತಟ್ಟಿದರು ಅಂದುಕೊಳ್ಳಬೇಡಿ. ಚರ್ಚಿನ ಆಡಳಿತ ಮಂಡಳಿಯೇ ಮೊದಲು ಹಿಂದೆಮುಂದೆ ನೋಡಿತು, ಒಪ್ಪಿದ್ದು 1991ರಲ್ಲಿ. ನಗರಸಭೆ ಒಪ್ಪಿದ್ದು ಅದಕ್ಕೂ ಮರುವರ್ಷ. ಪೂರ್ವ ಜರ್ಮನಿಯಲ್ಲಿ ಕಾರ್ಖಾನೆಗಳು ಮುಚ್ಚುತ್ತಿವೆ, ಮನೆಗಳು ಸೋರುತ್ತಿವೆ, ಆಸ್ಪತ್ರೆಗಳಿಗೆ ಹಣ ಬೇಕು, ಊರಿನಲ್ಲಿ ಇರುವ ಚರ್ಚುಗಳಿಗೇ ಜನ ಬರುತ್ತಿಲ್ಲ, ಇನ್ನೊಂದು ಯಾಕೆ ಎಂದು ಕೇಳಿದವರಿದ್ದರು.

ಇನ್ನೊಂದು ಆಕ್ಷೇಪ ಇದಕ್ಕಿಂತ ಆಳದ್ದು. ಈ ಕಲ್ಲಿನ ಗುಡ್ಡೆಯನ್ನು ನೋಡಿದರೆ ಯುದ್ಧ ಏನು ಮಾಡುತ್ತದೆ ಎಂದು ಒಂದೇ ಕ್ಷಣದಲ್ಲಿ ಅರ್ಥವಾಗುತ್ತದೆ. ಅದನ್ನು ಚೆಂದದ ಕಟ್ಟಡ ಮಾಡಿಬಿಟ್ಟರೆ ನಾಳೆ ಬರುವವರು ಫೋಟೊ ತೆಗೆದುಕೊಂಡು ಐಸ್‌ಕ್ರೀಂ ತಿಂದು ಹೋಗುತ್ತಾರೆ ಎಂಬ ಅಂಜಿಕೆ. ಇದು ನಮಗೆ ಅರ್ಥವಾಗದ ಮಾತಲ್ಲ. 'ಹಾಳು ಹಂಪೆ' ಎಂದೇ ನಾವು ಕರೆಯುತ್ತೇವೆ. 1565ರ ಯುದ್ಧದ ನಂತರ ಹಾಳಾದ ಆ ಊರಿನಲ್ಲಿ ವಿಜಯವಿಠ್ಠಲ ಗುಡಿಯ ಮುರಿದ ಇಟ್ಟಿಗೆ ಗೋಪುರಗಳನ್ನು ಹೊಸದಾಗಿ ಕಟ್ಟಿ ಬಣ್ಣ ಬಳಿಯಿರಿ ಎಂದು ಯಾರಾದರೂ ಹೇಳಿದರೆ ನಮಗೇ ಕಸಿವಿಸಿಯಾದೀತು. ಆ ಮುರಿದ ಕಲ್ಲೇ ಅಲ್ಲಿ ಮಾತಾಡುವುದು.

ನನಗನ್ನಿಸುವುದು ಹೀಗೆ. ಹಂಪೆ ಹಾಳಾದದ್ದನ್ನು ಕಣ್ಣಾರೆ ಕಂಡವರು ಇಂದು ಯಾರೂ ಇಲ್ಲ. 1990ರಲ್ಲಿ ಡ್ರೆಸ್ಡೆನ್‌ನಲ್ಲಿ ಆ ಚರ್ಚಿನಲ್ಲಿ ಮದುವೆಯಾದ ಅಜ್ಜಿಯರು ಬದುಕಿದ್ದರು. ಅವರಿಗೆ ಅದು ಸ್ಮಾರಕವಲ್ಲ, ಬಿದ್ದುಹೋದ ತಮ್ಮ ಮನೆ. ಬಿದ್ದ ಮನೆಯನ್ನು ಕಟ್ಟಿಕೊಳ್ಳುತ್ತೇವೆ ಎಂದವರಿಗೆ ಬೇಡ ಎನ್ನಲು ಹೊರಗಿನವರಿಗೆ ಹಕ್ಕಿದೆಯೇ? ನಿಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಚರ್ಚೆ ಮಾಡಿ ನೋಡಿ. ನನ್ನ ಅಭಿಪ್ರಾಯ ಒಪ್ಪಲೇಬೇಕು ಎಂದೇನಿಲ್ಲ.

ದುಡ್ಡು ಬಂದ ದಾರಿಗಳು

ನಮ್ಮೂರಿನಲ್ಲಿ ದೇವಸ್ಥಾನದ ಜೀರ್ಣೋದ್ಧಾರ ಎಂದರೆ ಮೊದಲು ಒಂದು ಸಮಿತಿ, ಆಮೇಲೆ ರಸೀದಿ ಪುಸ್ತಕ. ಕೊಟ್ಟವರ ಹೆಸರು ಗೋಡೆಯ ಕಲ್ಲಿನಲ್ಲಿ. ಕೆಲವು ಕಡೆ ಟ್ಯೂಬ್‌ಲೈಟಿನ ಮೇಲೂ ದಾನಿಗಳ ಹೆಸರು ಎಷ್ಟು ದೊಡ್ಡದಾಗಿ ಬರೆದಿರುತ್ತದೆಂದರೆ ಬೆಳಕು ಹೊರಗೆ ಬರಲು ಜಾಗವಿರುವುದಿಲ್ಲ! ಡ್ರೆಸ್ಡೆನ್‌ನವರು ಮಾಡಿದ್ದೂ ಇದೇ, ದೊಡ್ಡ ಪ್ರಮಾಣದಲ್ಲಿ.

ಗ್ಯೂಟ್ಲರ್ ಮತ್ತು ಸಂಗಡಿಗರು ಊರೂರು ಸುತ್ತಿ ಸಹಾಯಾರ್ಥ ಕಚೇರಿಗಳನ್ನು ನಡೆಸಿದರು. ಸಂಘ ಕಟ್ಟಿ ಸದಸ್ಯರನ್ನು ಸೇರಿಸಿದರು. ಒಂದು ದೊಡ್ಡ ಬ್ಯಾಂಕು ದಾನಪತ್ರಗಳ ಯೋಜನೆಯನ್ನು ಕೈಗೆತ್ತಿಕೊಂಡಿತು: ಇಷ್ಟು ಹಣ ಕೊಟ್ಟರೆ ನಿಮ್ಮ ಹೆಸರಿನ ಒಂದು ಪತ್ರ. ಜನ ಅದನ್ನು ಹುಟ್ಟುಹಬ್ಬಕ್ಕೆ, ಮದುವೆಗೆ ಉಡುಗೊರೆಯಾಗಿ ಕೊಂಡರು. 1995ರಲ್ಲಿ ಜರ್ಮನ್ ಸರ್ಕಾರ ಚರ್ಚಿನ ಚಿತ್ರವಿರುವ 10 ಮಾರ್ಕಿನ ಸ್ಮರಣಾರ್ಥ ನಾಣ್ಯ ಹೊರಡಿಸಿತು. ನನಗೆ ಬಹಳ ಹಿಡಿಸಿದ್ದು ಕೈಗಡಿಯಾರದ ಉಪಾಯ. ಮತ್ತೆ ಕಟ್ಟಲು ಬಾರದ ಹಳೆಯ ಕಲ್ಲಿನ ಚೂರುಗಳನ್ನು ಗಡಿಯಾರದೊಳಗೆ ಕೂರಿಸಿ ಮಾರಿದರು. ಬಿದ್ದ ಕಲ್ಲೇ ತನ್ನ ಮನೆಗೆ ತಾನೇ ದುಡಿದು ಕೊಟ್ಟ ಹಾಗಾಯಿತು.

ದುಡ್ಡಷ್ಟೇ ಅಲ್ಲ, ಫೋಟೊಗಳನ್ನೂ ಬೇಡಿದರು. ಕಟ್ಟಡದ ಓಕ್ ಮರದ ಬಾಗಿಲುಗಳ ಮೇಲೆ ಕೆತ್ತನೆ ಇತ್ತು ಎಂದು ಗೊತ್ತಿತ್ತು, ಹೇಗಿತ್ತು ಎಂದು ಸರಿಯಾಗಿ ಗೊತ್ತಿರಲಿಲ್ಲ. ಆಗ ಯಾರಿಗೋ ಹೊಳೆಯಿತು: ಮದುವೆಯಾದವರು ಚರ್ಚಿನ ಬಾಗಿಲಲ್ಲಿ ನಿಂತು ಫೋಟೊ ತೆಗೆಸಿಕೊಂಡೇ ಇರುತ್ತಾರಲ್ಲ! ಕರೆ ಕೊಟ್ಟದ್ದೇ ತಡ, ಕೆಲವರು ಮದುವೆಯ ಆಲ್ಬಮ್ಮುಗಳನ್ನೇ ಕಳಿಸಿದರು. ಮದುಮಕ್ಕಳ ಬೆನ್ನ ಹಿಂದೆ ಕಂಡ ಬಾಗಿಲನ್ನು ನೋಡಿ ಬಡಗಿಗಳು ಹೊಸ ಬಾಗಿಲು ಕೆತ್ತಿದರು. ಪೋಷಕರೇ, ಊರಿನ ಮನೆಯ ಅಟ್ಟದ ಮೇಲಿರುವ ಹಳೆಯ ಆಲ್ಬಮ್ಮುಗಳನ್ನು ಸ್ವಲ್ಪ ಜೋಪಾನ ಮಾಡಿ.

ಎಲ್ಲಕ್ಕಿಂತ ಮನಸ್ಸು ಮುಟ್ಟುವುದು ದೂರದಿಂದ ಬಂದ ಹಣದ ಕಥೆಗಳು.

ಗುಂಟರ್ ಬ್ಲೋಬೆಲ್ ಎಂಬ ಹುಡುಗನಿಗೆ 1945ರಲ್ಲಿ ಎಂಟು ವರ್ಷ. ಯುದ್ಧದ ಕಾರಣ ಅವನ ಮನೆಯವರು ಊರು ಬಿಟ್ಟು ಓಡುತ್ತಿದ್ದರು. ದಾರಿಯಲ್ಲಿ ಡ್ರೆಸ್ಡೆನ್ ಸಿಕ್ಕಿತು. ಗುಮ್ಮಟ, ಗೋಪುರಗಳನ್ನು ಕಂಡು ಹುಡುಗ ಬೆರಗಾದ. ಕೆಲವೇ ದಿನಗಳಲ್ಲಿ ಅದೇ ಊರು ಉರಿಯುವ ಕೆಂಪನ್ನು ದೂರದ ಆಕಾಶದಲ್ಲಿ ಕಂಡ. ಅದೇ ವಸಂತದಲ್ಲಿ ಅವನ ಅಕ್ಕ ರೂತ್ ಬಾಂಬಿನ ದಾಳಿಯೊಂದರಲ್ಲಿ ತೀರಿಕೊಂಡಳು. ಹುಡುಗ ಬೆಳೆದು ಅಮೆರಿಕಕ್ಕೆ ಹೋದ, ನ್ಯೂಯಾರ್ಕಿನಲ್ಲಿ ವಿಜ್ಞಾನಿಯಾದ. ನಮ್ಮ ದೇಹದ ಜೀವಕೋಶದೊಳಗೆ ತಯಾರಾಗುವ ಪ್ರತಿಯೊಂದು ಪ್ರೋಟೀನೂ ತಾನು ಎಲ್ಲಿಗೆ ಹೋಗಬೇಕೆಂಬ ವಿಳಾಸದ ಚೀಟಿಯನ್ನು ತನ್ನಲ್ಲೇ ಇಟ್ಟುಕೊಂಡಿರುತ್ತದೆ ಎಂದು ತೋರಿಸಿದ್ದಕ್ಕೆ 1999ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಬಹುಮಾನದ ಹಣ ಹತ್ತು ಲಕ್ಷ ಡಾಲರಿಗೆ ಹತ್ತಿರ. ಅದರಲ್ಲಿ ಬಹುಪಾಲನ್ನು ಅಕ್ಕನ ನೆನಪಿನಲ್ಲಿ ಡ್ರೆಸ್ಡೆನ್‌ಗೆ ಕೊಟ್ಟರು. ಚರ್ಚಿಗೆ ಮಾತ್ರವಲ್ಲ, 1938ರಲ್ಲಿ ಸುಟ್ಟ ಯಹೂದ್ಯರ ಮಂದಿರದ ಜಾಗದಲ್ಲಿ ಹೊಸದನ್ನು ಕಟ್ಟಲು ಕೂಡ. ಪ್ರಶಸ್ತಿ ಬರುವ ಐದು ವರ್ಷ ಮೊದಲೇ, 1994ರಲ್ಲಿ, ಅಮೆರಿಕದಲ್ಲಿ 'ಡ್ರೆಸ್ಡೆನ್ ಗೆಳೆಯರು' ಎಂಬ ಸಂಘ ಕಟ್ಟಿ ಹಣ ಎತ್ತುತ್ತಿದ್ದರು. ಊರು ಬಿಟ್ಟು ಹೋದವರಿಗೂ ಊರಿನ ಋಣ ಇರುತ್ತದೆ ಎಂಬುದನ್ನು ಹೊರದೇಶದಲ್ಲಿ ಕೂತು ಕನ್ನಡ ಕಲಿಸುತ್ತಿರುವ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಬ್ಲೋಬೆಲ್ ಅವರ ವಿಷಯದಲ್ಲಿ ಡ್ರೆಸ್ಡೆನ್ ಹುಟ್ಟೂರೂ ಅಲ್ಲ, ದಾರಿಯಲ್ಲಿ ಕಂಡ ಊರು ಅಷ್ಟೆ.

ಎರಡನೆಯದು ಬ್ರಿಟನ್ನಿನ ಕಥೆ. 1992ರಲ್ಲಿ ಲಂಡನ್‌ನಲ್ಲಿ ಬಾಂಬರ್ ಪಡೆಯ ಮುಖ್ಯಸ್ಥರಾಗಿದ್ದ ಆರ್ಥರ್ ಹ್ಯಾರಿಸ್ ಅವರ ಪ್ರತಿಮೆ ನಿಲ್ಲಿಸಿದಾಗ ಜರ್ಮನಿಯಲ್ಲಿ ಬಹಳ ಜನ ನೊಂದುಕೊಂಡರು. ಮರುವರ್ಷ ಅಲನ್ ರಸೆಲ್ ಎಂಬುವರು ಬ್ರಿಟನ್ನಿನಲ್ಲಿ 'ಡ್ರೆಸ್ಡೆನ್ ಟ್ರಸ್ಟ್' ಶುರು ಮಾಡಿದರು. ಗುಮ್ಮಟದ ತುದಿಯ ಚಿನ್ನದ ಲೇಪದ ಗೋಳವನ್ನೂ ಶಿಲುಬೆಯನ್ನೂ, ನಮ್ಮಲ್ಲಿ ಗೋಪುರದ ಕಲಶ ಇರುತ್ತದಲ್ಲ ಹಾಗೆ, ನಾವು ಮಾಡಿಸಿಕೊಡುತ್ತೇವೆ ಎಂದರು. ಜನ ಕಿಸೆಯಿಂದ ದುಡ್ಡು ಕೊಟ್ಟರು. ಕೆಲಸ ಲಂಡನ್ನಿನ ಬೆಳ್ಳಿ ಕೆಲಸದ ಕಾರ್ಯಾಗಾರವೊಂದಕ್ಕೆ ಹೋಯಿತು. ಶಿಲುಬೆಯನ್ನು ರೂಪಿಸಿದ ಕುಶಲಕರ್ಮಿ ಅಲನ್ ಸ್ಮಿತ್. 1945ರ ಫೆಬ್ರುವರಿಯಲ್ಲಿ ಡ್ರೆಸ್ಡೆನ್ ಮೇಲೆ ಬಾಂಬು ಹಾಕಿದ ವಿಮಾನವೊಂದರ ಸಿಬ್ಬಂದಿಯಲ್ಲಿ ಅವರ ತಂದೆಯೂ ಇದ್ದರು.

ಅಪ್ಪ ಕೆಡವಿದ್ದನ್ನು ಮಗ ಕಟ್ಟಿದ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸುವುದು ಸುಲಭ. ಆದರೆ ಅಪ್ಪ ಅಪ್ಪಣೆ ಪಾಲಿಸಿದ ಸಿಪಾಯಿ. ಮಗ ಕೂತು ಸುತ್ತಿಗೆಯಲ್ಲಿ ಲೋಹ ಬಡಿದವರು. ಅವರಿಬ್ಬರ ನಡುವೆ ಮನೆಯಲ್ಲಿ ಏನೇನು ಮಾತು ನಡೆದಿತ್ತೋ, ಅದು ಅವರಿಗೇ ಸೇರಿದ್ದು.

ಆ ಶಿಲುಬೆ ಡ್ರೆಸ್ಡೆನ್‌ಗೆ ಹೋಗುವ ಮೊದಲು ಬ್ರಿಟನ್ನಿನ ಹಲವು ಚರ್ಚುಗಳಲ್ಲಿ ಪ್ರದರ್ಶನಕ್ಕಿತ್ತು. ಅವುಗಳಲ್ಲಿ ಕವೆಂಟ್ರಿಯೂ ಒಂದು. 2000ದ ಫೆಬ್ರುವರಿ 13ರಂದು ಡ್ರೆಸ್ಡೆನ್‌ಗೆ ಹಸ್ತಾಂತರವಾಯಿತು.

ಮೂರನೆಯದು ಪೋಲೆಂಡಿನ ಗೋಸ್ಟಿನ್ ಎಂಬ ಸಣ್ಣ ಪಟ್ಟಣದ್ದು. ನಾಜಿಗಳನ್ನು ವಿರೋಧಿಸಿದ ಆ ಊರಿನ 12 ಜನರನ್ನು 1942ರಲ್ಲಿ ಇದೇ ಡ್ರೆಸ್ಡೆನ್‌ನಲ್ಲಿ ಕೊಂದಿದ್ದರು. ಅಂಥ ಊರಿನವರು ಹಣ ಕೂಡಿಸಿ, ಚರ್ಚಿನ ಮೆಟ್ಟಿಲು ಗೋಪುರವೊಂದರ ಮೇಲೆ ಇಡುವ ಕಲ್ಲಿನ ಜ್ವಾಲಾಕುಂಭವನ್ನು ಕೊಟ್ಟರು. ಕೊಡಬೇಕೆಂದು ಅವರನ್ನು ಯಾರೂ ಕೇಳುವಂತಿರಲಿಲ್ಲ.

ಕಲ್ಲಿಗೊಂದು ನಂಬರು

1993ರ ಜನವರಿಯಲ್ಲಿ ಗುಡ್ಡೆ ಬಿಚ್ಚಲು ಶುರು ಮಾಡಿದರು. ಸುಮಾರು 22,000 ಘನ ಮೀಟರ್ ಕಲ್ಲುಮಣ್ಣು. ಬುಲ್ಡೋಜರ್ ತಂದು ಬಾಚಿ ಹಾಕುವ ಕೆಲಸವಲ್ಲ ಅದು. ಒಂದೊಂದು ಕಲ್ಲು ಗುಡ್ಡೆಯಲ್ಲಿ ಎಲ್ಲಿ ಬಿದ್ದಿತ್ತು ಎಂದು ಗುರುತು ಹಾಕಿ, ಅಳೆದು, ಫೋಟೊ ತೆಗೆದು, ನಂಬರು ಕೊಟ್ಟು ಚೌಕದಲ್ಲಿ ಸಾಲಾಗಿ ಜೋಡಿಸಿದ ಉದ್ದುದ್ದ ಕಪಾಟುಗಳಲ್ಲಿ ಇಟ್ಟರು. ಎಲ್ಲಿ ಬಿದ್ದಿತ್ತು ಎಂಬುದರಿಂದ ಮೊದಲು ಎಲ್ಲಿತ್ತು ಎಂದು ಊಹಿಸಬಹುದಲ್ಲವೇ? ಕಂಪ್ಯೂಟರಿನಲ್ಲಿ ಚರ್ಚಿನ ಮೂರು ಆಯಾಮದ ನಕ್ಷೆ ಮಾಡಿ ಕಲ್ಲುಗಳಿಗೆ ಜಾಗ ಹುಡುಕಿದರು. ನೀವು ಆಡುವ ಜಿಗ್ಸಾ ಒಗಟಿನಲ್ಲಿ ಹೆಚ್ಚೆಂದರೆ ಸಾವಿರ ತುಂಡು. ಇಲ್ಲಿ ಹೊರಮೈಯ ಕಲ್ಲುಗಳೇ 8,000ಕ್ಕೂ ಹೆಚ್ಚು, ಅರ್ಧಕ್ಕರ್ಧ ಮುರಿದವು, ಡಬ್ಬಿಯ ಮೇಲೆ ಚಿತ್ರವೂ ಇಲ್ಲ. ಕೊನೆಗೆ ಸುಮಾರು 3,800 ಹಳೆಯ ಕಲ್ಲುಗಳು ಹೊಸ ಗೋಡೆ ಸೇರಿದವು.

1993ರ ಜೂನ್ 1ರಂದು ಗುಡ್ಡೆಯಲ್ಲಿ ತಿರುಚಿಕೊಂಡ ಲೋಹದ ವಸ್ತುವೊಂದು ಸಿಕ್ಕಿತು. ಅದು ಗುಮ್ಮಟದ ತುದಿಯಲ್ಲಿದ್ದ ಹಳೆಯ ಶಿಲುಬೆ. ಅದನ್ನು ನೇರ ಮಾಡದೆ ಹಾಗೇ ಉಳಿಸಿಕೊಂಡರು. ಮುಖ್ಯ ಪೀಠದ ಸುಮಾರು 2,000 ತುಂಡುಗಳು ಸಿಕ್ಕವು. ಅವನ್ನು ತೊಳೆದು ಜೋಡಿಸಿದರು.

1994ರ ಮೇ 27ರಂದು ಹೊಸ ಕಟ್ಟಡದ ಮೊದಲ ಕಲ್ಲು ಬಿತ್ತು. ನಿರ್ಮಾಣದ ನಿರ್ದೇಶಕರು ಎಬರ್‌ಹಾರ್ಡ್ ಬುರ್ಗರ್. ಹಣ ಬಂದಷ್ಟು ಬೇಗ ಗೋಡೆ ಏರಿತು. ದಾನಿಗಳಿಗೂ ಇದು ಒಳ್ಳೆಯದೇ ಆಯಿತು. ಬಂದು ನೋಡಿದಾಗಲೆಲ್ಲ ಕಟ್ಟಡ ಒಂದು ಮೆಟ್ಟಿಲು ಮೇಲಿರುತ್ತಿತ್ತು, ಕೊಟ್ಟ ದುಡ್ಡು ಎಲ್ಲಿ ಹೋಯಿತು ಎಂದು ಯಾರೂ ಕೇಳಬೇಕಾಗಿರಲಿಲ್ಲ. 1996ರಲ್ಲೇ ನೆಲಮಾಳಿಗೆಯನ್ನು ಪ್ರಾರ್ಥನೆಗೆ ತೆರೆದರು. 2003ರಲ್ಲಿ ಏಳು ಹೊಸ ಗಂಟೆಗಳು ಬಂದವು. ಎಂಟನೆಯದು 1518ರ ಹಳೆಯ ಗಂಟೆ, ಉಳಿದುಕೊಂಡದ್ದು ಅದೊಂದೇ. 2004ರ ಜೂನ್ 22ರಂದು ಲಂಡನ್ನಿನ ಶಿಲುಬೆ ಕ್ರೇನಿನಲ್ಲಿ ಮೇಲೇರಿತು. 2005ರ ಅಕ್ಟೋಬರ್ 30ರಂದು ಚರ್ಚಿನ ಪ್ರತಿಷ್ಠಾಪನೆ. ಚೌಕದಲ್ಲಿ ಹತ್ತಾರು ಸಾವಿರ ಜನ ನಿಂತಿದ್ದರು.

ಒಟ್ಟು ಖರ್ಚು ಸುಮಾರು 18 ಕೋಟಿ ಯೂರೋ. ಅದರಲ್ಲಿ 10 ಕೋಟಿಗೂ ಹೆಚ್ಚು ಜನರ ದೇಣಿಗೆ. ಉಳಿದದ್ದು ಕೇಂದ್ರ ಸರ್ಕಾರ, ರಾಜ್ಯ, ನಗರಸಭೆಗಳು ಕೊಟ್ಟದ್ದು. ಮನೆಗಳಿಗೂ ಆಸ್ಪತ್ರೆಗಳಿಗೂ ಹೋಗಬೇಕಿದ್ದ ಹಣ ಇದು ಎಂದು ವಾದಿಸಿದವರಿಗೆ ಈ ಲೆಕ್ಕ ಅರ್ಧ ಉತ್ತರ ಮಾತ್ರ. ದೇಣಿಗೆ ಕೊಟ್ಟವರು ಅದೇ ಹಣವನ್ನು ಆಸ್ಪತ್ರೆಗೆ ಕೊಡುತ್ತಿದ್ದರೋ ಇಲ್ಲವೋ ಹೇಳಲಾಗದು. ಸರ್ಕಾರದ ಪಾಲಿನ ಮೇಲಿನ ಪ್ರಶ್ನೆ ಹಾಗೇ ಉಳಿಯುತ್ತದೆ. ಆದರೆ ಚರ್ಚು ಎದ್ದ ಮೇಲೆ ಅದರ ಸುತ್ತ ಖಾಲಿ ಬಿದ್ದಿದ್ದ ಚೌಕದಲ್ಲಿ ಒಂದೊಂದಾಗಿ ಮನೆ, ಅಂಗಡಿ, ಹೋಟೆಲುಗಳೂ ಎದ್ದವು. ಬಂದವರು ಫೋಟೊ ತೆಗೆದುಕೊಂಡು ಐಸ್‌ಕ್ರೀಂ ತಿನ್ನುತ್ತಾರೆ ಎಂಬುದೂ ನಿಜವಾಯಿತು.

ಹೋದರೆ ಏನು ನೋಡಬೇಕು

ರಜೆಯಲ್ಲಿ ಆ ಕಡೆ ಹೋಗುವವರಿದ್ದರೆ ಹೊರಗಿನಿಂದ ಶುರು ಮಾಡಿ. ಮಕ್ಕಳೇ, ಕಪ್ಪು ಕಲ್ಲುಗಳನ್ನು ಎಣಿಸಲು ಹೊರಡಬೇಡಿ, ಕತ್ತಲಾಗುತ್ತದೆ. ಒಂದು ಕಪ್ಪು ಕಲ್ಲು ಆರಿಸಿ ಅದರ ಸುತ್ತಲಿನ ಬಿಳಿ ಕಲ್ಲುಗಳು ಅದಕ್ಕೆ ಹೇಗೆ ಕೂಡಿಕೊಂಡಿವೆ ಎಂದು ಗಮನಿಸಿ. ಬಿಳಿ ಕಲ್ಲುಗಳೂ ನಿಧಾನವಾಗಿ ಕಪ್ಪಾಗುತ್ತಿವೆ. ನಿಮ್ಮ ಮೊಮ್ಮಕ್ಕಳು ಬರುವ ಹೊತ್ತಿಗೆ ಎರಡನ್ನೂ ಬೇರೆ ಬೇರೆ ಎಂದು ಗುರುತಿಸುವುದು ಕಷ್ಟವಾಗಬಹುದು.

ಒಳಗೆ ಹೋದರೆ ಗುಡ್ಡೆಯಲ್ಲಿ ಸಿಕ್ಕ ತಿರುಚಿದ ಶಿಲುಬೆ ಇದೆ. ಅದರ ಹತ್ತಿರ ಜನ ಮೇಣದ ಬತ್ತಿ ಹಚ್ಚುತ್ತಾರೆ. ಪೀಠದ ಮೇಲೆ ಮೊಳೆಗಳಿಂದ ಮಾಡಿದ ಸಣ್ಣ ಶಿಲುಬೆಯನ್ನು ಹುಡುಕಿ. ಅದು ಕವೆಂಟ್ರಿಯವರು 2005ರಲ್ಲಿ ಕೊಟ್ಟದ್ದು. ಅಲ್ಲಿ ಸುಟ್ಟುಹೋದ ಕೆಥೆಡ್ರಲಿನ ಚಾವಣಿಯ ಮೊಳೆಗಳಿಂದ ಶಿಲುಬೆ ಮಾಡುವ ಪದ್ಧತಿ ಯುದ್ಧಕಾಲದಲ್ಲೇ ಶುರುವಾಗಿತ್ತು. ನೆಲಮಾಳಿಗೆಯಲ್ಲಿ ಗೇಯಾರ್ಗ್ ಬೇರ್ ಅವರ ಸಮಾಧಿ ಇದೆ.

ಆಮೇಲೆ ಕಾಲಲ್ಲಿ ಕಸುವಿದ್ದರೆ ಗುಮ್ಮಟ ಹತ್ತಿ. ಕೊನೆಯ ಭಾಗದಲ್ಲಿ ಕಲ್ಲಿನ ಗಂಟೆಯ ಎರಡು ಪದರಗಳ ನಡುವಿನ ಇಳಿಜಾರು ದಾರಿಯಲ್ಲಿ ಸುತ್ತಿಕೊಂಡು ನಡೆಯುತ್ತೀರಿ. ಮೇಲಿನಿಂದ ಎಲ್ಬೆ ನದಿ ಕಾಣುತ್ತದೆ. ಹತ್ತಲು ಟಿಕೆಟ್ ಇದೆ. ಕೆಳಗೆ ಬಾಗಿಲ ಹತ್ತಿರ ಹುಂಡಿಯೂ ಇದೆ. ಚರ್ಚನ್ನು ನೋಡಿಕೊಳ್ಳುವ ಪ್ರತಿಷ್ಠಾನ ಈಗಲೂ ಟಿಕೆಟ್, ಕಚೇರಿ, ದೇಣಿಗೆಗಳ ಹಣದಿಂದಲೇ ಬಹುಮಟ್ಟಿಗೆ ಅದರ ಖರ್ಚು ತೂಗಿಸುತ್ತಿದೆ. ಚಂದಾ ಎತ್ತುವುದು ಇನ್ನೂ ನಿಂತಿಲ್ಲ.